ಅಳತೆಗೊದಗುವ ಛಾಯಾಚಿತ್ರ

ಆಫ್ಘಾನಿಸ್ತಾನದ ಬಾಮಿಯಾನ್ ಕಣಿವೆಯ ಬೃಹತ್ ಬುದ್ಧವಿಗ್ರಹಗಳು 2001ರ ಮಾರ್ಚಿನಲ್ಲಿ ಸಿಡಿಮದ್ದಿಗೆ ಆಹುತಿಯಾದವು. ಆದರೆ ಆಸ್ಟ್ರಿಯದ ಪ್ರಾಧ್ಯಾಪಕ ಕೋಸ್ಟ್ಕಾ ಅವರು 1970ರಲ್ಲಿ ಅಳತೆಗೆಂದೇ ತೆಗೆದ ಛಾಯಾಚಿತ್ರಗಳು ಉಳಿದಿದ್ದವು. ಅವುಗಳಲ್ಲಿ ಮೂರರ ಆಧಾರದಿಂದ ಜ್ಯೂರಿಕ್‌ನ ತಜ್ಞರು ದೊಡ್ಡ ವಿಗ್ರಹದ ಘನಾಕೃತಿಯನ್ನು ಗಣಕಯಂತ್ರದಲ್ಲಿ ಪುನಾರಚಿಸಿದರು. ಉಡುಗೆಯ ಸೂಕ್ಷ್ಮ ನೆರಿಗೆಗಳನ್ನು ಮಾತ್ರ ಯಂತ್ರವು ತಾನಾಗಿ ಗುರುತಿಸಲಾರದೆ, ಅವರೇ ಒಂದೊಂದಾಗಿ ಗುರುತಿಸಿ ಅಳೆಯಬೇಕಾಯಿತು.

ಒಂದೇ ಬಿಂದುವನ್ನು ಬೇರೆಬೇರೆ ಸ್ಥಾನಗಳಿಂದ ಕಂಡಾಗ, ದೃಷ್ಟಿರೇಖೆಗಳು ಸಂಧಿಸುವೆಡೆಯಲ್ಲಿ ಅದರ ನೆಲೆಯು ನಿಶ್ಚಿತವಾಗುತ್ತದೆ. ಇದೇ ಛಾಯಾಚಿತ್ರಮಾಪನದ ತತ್ತ್ವ. ಆದ್ದರಿಂದ ಶಿಲ್ಪವನ್ನು ಚಿತ್ರಿಸುವವರು ನಿಂತಲ್ಲಿಯೇ ಕ್ಯಾಮರಾವನ್ನು ತಿರುಗಿಸಿದರೆ ಸಾಲದು. ಹೆಜ್ಜೆಹೆಜ್ಜೆಗೆ ಸ್ಥಳ ಬದಲಿಸುತ್ತ ಸುತ್ತಲೂ ಸಾಗಬೇಕು. ಹಿಂದಿನ ಚಿತ್ರದ ಮೂರರಲ್ಲಿ ಎರಡು ಪಾಲು ಮುಂದಿನದರಲ್ಲಿಯೂ ಕಾಣಬೇಕು. ಮಸೂರದ ನಾಭಿದೂರವನ್ನು ನಡುವೆ ಬದಲಿಸಬಾರದು. ಚಲಿಸುವ ನೆರಳೂ ಮೈಯ ಹೊಳಪೂ ಮಾಪನವನ್ನು ಕೆಡಿಸುವುದರಿಂದ, ಮೋಡ ಕವಿದ ದಿನದ ಸಮಬೆಳಕೇ ಲೇಸು. ಪಕ್ಕದಲ್ಲಿ ಅಳತೆಪಟ್ಟಿಯನ್ನಿರಿಸಿದರೆ ನಿಜವಾದ ಗಾತ್ರವು ತಿಳಿಯುತ್ತದೆ.

ಚಿತ್ರದಲ್ಲಿ ಮೂಡದ ಭಾಗವನ್ನು ಯಂತ್ರವು ಊಹಿಸಬಹುದೇ ಹೊರತು ಅರಿಯಲಾರದು. ಶಿಲೆಯು ಇರುವಾಗ ಆ ಕೊರತೆಯನ್ನು ಮರುದಿನವೇ ತುಂಬಬಹುದು. ಅಳಿದ ಮೇಲೆ ಎಂದೆಂದಿಗೂ ತುಂಬಲಾಗದು.