ಬಡಿದರೆ ಬುದ್ಧಿ ಬರುತ್ತದೆಯೇ?

ಭಾಲ್ಕಿ ತಾಲೂಕಿನ ಭಾತಂಬ್ರಾದಿಂದ ಈ ಸಲ ಒಂದೇ ಲಕೋಟೆಯಲ್ಲಿ ಆರು ಪತ್ರ ಬಂದಿವೆ. ಮಕ್ಕಳ ಜ್ವರ, ಕೆಮ್ಮಿನ ಸುದ್ದಿ ಒಂದರಲ್ಲೂ ಇಲ್ಲ. ಇರುವುದೆಲ್ಲ ಸುಳ್ಳು, ಸಿಟ್ಟು, ಮೌನ, ಎದುರುತ್ತರದ ವಿಚಾರ. ಅಂಕಣದ ಪೂರ್ತಿ ಜಾಗವನ್ನು ಅವಕ್ಕೇ ಬಿಟ್ಟುಕೊಟ್ಟಿದ್ದೇನೆ. ಗುರುತು ಸಿಗುವ ವಿವರ ತೆಗೆದು, ಭಾಷೆಯನ್ನು ಬರೆದವರ ಬಾಯಲ್ಲಿದ್ದಂತೆಯೇ ಉಳಿಸಿದ್ದೇನೆ.

ಪ್ರಶ್ನೆ: ನಮ್ಮ ಮಗನಿಗಿ ಐದು ವರ್ಷ. ಡಬ್ಬಿಯೊಳಗಿನ ಶೇಂಗಾ ಉಂಡಿ ತಾನೇ ತಿಂದು ‘ಬೆಕ್ಕು ತಿಂದದ’ ಅಂತಾನ. ಬಾಯಿಗಿ ಹತ್ತಿದ್ದು ಕಾಣ್ತದ, ಆದ್ರೂ ಒಪ್ಪಂಗಿಲ್ಲ. ಅವರಪ್ಪ ಬಡೀತಾರ. ಬಡದಷ್ಟೂ ಸುಳ್ಳು ಜಾಸ್ತಿ ಆಗ್ಯಾವ. ಮುಂದ ಕಳ್ಳ ಆಗ್ತಾನೇನ್ರಿ ಡಾಕ್ಟ್ರೇ?

ಉತ್ತರ: ಆಗುವುದಿಲ್ಲ, ತಾಯಿ. ‘ನನಗೆ ಗೊತ್ತಿರುವುದು ಅವ್ವನಿಗೆ ಗೊತ್ತಿರಲಿಕ್ಕಿಲ್ಲ’ ಎಂಬ ತಿಳಿವಳಿಕೆ ಮಕ್ಕಳಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಆಸುಪಾಸಿನಲ್ಲಿ ಮೂಡುತ್ತದೆ. ಅದು ಮೂಡದೆ ಸರಿಯಾದ ಸುಳ್ಳು ಹುಟ್ಟುವುದೇ ಇಲ್ಲ. ಅಂದರೆ ನಿಮ್ಮ ಮಗನ ಮಿದುಳು ವಯಸ್ಸಿಗೆ ತಕ್ಕಂತೆ ಬೆಳೆಯುತ್ತಿದೆ. ಬಾಯಿ ಒರೆಸಿಕೊಂಡು ಬರಬೇಕು ಎಂಬಷ್ಟು ಮುಂದಾಲೋಚನೆ ಮಾತ್ರ ಇನ್ನೂ ಬಂದಿಲ್ಲ. ಬಡಿತ ಹೀಗೇ ಮುಂದುವರಿದರೆ ಅದೂ ಬೇಗ ಬರುತ್ತದೆ.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ 1932ರಲ್ಲಿ ಮಕ್ಕಳ ನೀತಿಬುದ್ಧಿಯ ಬಗ್ಗೆ ಪುಸ್ತಕ ಬರೆದ. ಅವನು ಮಕ್ಕಳಿಗೆ ಎರಡು ಕತೆ ಹೇಳುತ್ತಿದ್ದ. ಒಬ್ಬ ಹುಡುಗ ಬಾಗಿಲು ತಳ್ಳಿದಾಗ ಅದರ ಹಿಂದೆ ಇದ್ದದ್ದು ತಿಳಿಯದೆ ಹದಿನೈದು ಕಪ್ಪು ಒಡೆದವು. ಇನ್ನೊಬ್ಬ ಕದ್ದು ಸಿಹಿ ತಿನ್ನಲು ಹೋಗಿ ಒಂದೇ ಕಪ್ಪು ಒಡೆದ. ಯಾರದು ಹೆಚ್ಚು ತಪ್ಪು? ಚಿಕ್ಕ ಮಕ್ಕಳಲ್ಲಿ ಬಹಳಷ್ಟು ಮಂದಿ ಹದಿನೈದು ಒಡೆದವನದು ಎಂದರು. ಉದ್ದೇಶವನ್ನು ತೂಗಿ ನೋಡಿದವರು ದೊಡ್ಡ ಮಕ್ಕಳು. ನಿಮ್ಮ ಮಗ ಈಗ ಕಪ್ಪುಗಳನ್ನು ಎಣಿಸುವ ವಯಸ್ಸಿನಲ್ಲಿದ್ದಾನೆ. ಬಿದ್ದ ಏಟು ಎಷ್ಟು ದೊಡ್ಡದು ಎಂಬುದಷ್ಟೇ ಅವನಿಗೆ ತಿಳಿಯುತ್ತದೆ. ಯಾಕೆ ಬಿತ್ತು ಎಂಬುದು ತಲೆಗೆ ಹೋಗುವುದಿಲ್ಲ. ಏಟಿನಿಂದ ಅವನು ಕಲಿಯುವ ಪಾಠ ಒಂದೇ: ಮುಂದಿನ ಸಲ ಸಿಕ್ಕಿಬೀಳಬಾರದು.

ಉತ್ತರ ಗೊತ್ತಿರುವ ಪ್ರಶ್ನೆ ಕೇಳುವುದನ್ನು ಮೊದಲು ಬಿಡಿ. ‘ಯಾರು ತಿಂದ್ರು?’ ಎಂದು ಕೇಳಿದರೆ ಸುಳ್ಳಿಗೆ ನೀವೇ ಬಾಗಿಲು ತೆರೆದಂತೆ. ‘ಉಂಡಿ ನೀ ತಿಂದಿ, ನನಗ ಗೊತ್ತದ. ಅಕ್ಕನ ಪಾಲಿಂದೂ ಹೋಯ್ತು. ಈಗ ಅಕ್ಕಗ ಏನು ಕೊಡೋಣು?’ ಎನ್ನಿ. ತನ್ನ ಕೆಲಸದಿಂದ ಯಾರಿಗೆ ನಷ್ಟವಾಯಿತು ಎಂದು ನೋಡುವುದನ್ನು ಐದರ ಮಗುವೂ ಕಲಿಯಬಲ್ಲದು. ಇನ್ನೊಂದು ಮಾತು ಅವರಪ್ಪನಿಗೆ. ಮಗ ನಿಜ ಹೇಳಿದ ದಿನ ಕೈ ಎತ್ತಲೇಬೇಡಿ.

ಪ್ರಶ್ನೆ: ಮಗ-ಸೊಸಿ ಹೈದರಾಬಾದಿನಾಗ ಕಟ್ಟಡದ ಕೆಲಸಕ್ಕ ಹೋಗ್ಯಾರ. ಎಂಟು ವರ್ಷದ ಮೊಮ್ಮಗ ನನ್ನ ಬಲ್ಲಿ ಇದ್ದಾನ. ಹೋದ ವರ್ಷತನ ಚಂದ ಇದ್ದ. ಈಗ ಹಾಸಿಗ್ಯಾಗ ಉಚ್ಚಿ ಹೊಯ್ತಾನ, ಸಣ್ಣ ಮಾತಿಗಿ ತಾಟು ಬೀಸಿ ಒಗಿತಾನ. ಎಳ್ಳಮಾಸಿಗಿ ಅವ್ವ ಬಂದ್ರ ಮಾರಿ ಸೈತ ನೋಡಲಿಲ್ಲ. ಇವಗ ಕರುಳೇ ಇಲ್ಲೇನು?

ಉತ್ತರ: ಮುತ್ಯಾ, ಕರುಳು ಇರುವುದರಿಂದಲೇ ಹಾಗೆ ಮಾಡಿದ. ಅವ್ವ ನಾಲ್ಕು ದಿನಕ್ಕೆ ಬಂದು ಹೋಗುತ್ತಾಳೆ ಎಂದು ಅವನಿಗೆ ಗೊತ್ತು. ಹತ್ತಿರ ಹೋದರೆ ಮತ್ತೆ ಅಗಲಿಕೆಯ ಸಂಕಟ. ಮುಖ ತಿರುಗಿಸಿಕೊಂಡರೆ ಅದಿಲ್ಲ, ಎಂಬುದು ಅವನ ಲೆಕ್ಕ. ಎರಡನೇ ಮಹಾಯುದ್ಧದ ನಂತರ ತಂದೆತಾಯಿಯಿಂದ ಬೇರೆಯಾದ ಮಕ್ಕಳ ಬಗ್ಗೆ ಇಂಗ್ಲೆಂಡಿನ ವೈದ್ಯ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ 1951ರಲ್ಲಿ ವರದಿ ಬರೆದ. ನಿಕಟ ಬಾಂಧವ್ಯ ಕಡಿದುಹೋದರೆ ಮಗುವಿನ ಮನಸ್ಸಿಗೆ ಆಗುವ ಪೆಟ್ಟನ್ನು ವೈದ್ಯಲೋಕ ಗಂಭೀರವಾಗಿ ತೆಗೆದುಕೊಂಡದ್ದು ಅಲ್ಲಿಂದೀಚೆಗೆ. ಮುಂದಿನ ಅಧ್ಯಯನಗಳು ಸಮಾಧಾನದ ಮಾತನ್ನೂ ಸೇರಿಸಿವೆ: ಬದಲಾಗದೆ ಜೊತೆಗಿರುವ, ಪ್ರೀತಿಸುವ ಒಬ್ಬ ಹಿರಿಯರಿದ್ದರೆ ಮಗು ಬಹಳಷ್ಟನ್ನು ತಡೆದುಕೊಳ್ಳುತ್ತದೆ. ಇವನಿಗೆ ಆ ಹಿರಿಯರು ನೀವು.

ಮೊದಲು ದವಾಖಾನೆಗೆ ಕರೆದುಕೊಂಡು ಹೋಗಿ. ಆರು ತಿಂಗಳಿಗೂ ಹೆಚ್ಚು ಕಾಲ ಒಣಗಿದ ಹಾಸಿಗೆಯಲ್ಲಿ ಮಲಗುತ್ತಿದ್ದ ಮಗು ಮತ್ತೆ ಒದ್ದೆ ಮಾಡತೊಡಗಿದರೆ ಮನಸ್ಸಿನ ನೋವು ಕಾರಣವಿರಬಹುದು. ಆದರೆ ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆಯಿಂದಲೂ ಹೀಗಾಗುತ್ತದೆ. ಒಂದು ಮೂತ್ರ ಪರೀಕ್ಷೆಗೆ ಸೋಮಾರಿತನ ಬೇಡ. ನೀರು ಬಹಳ ಕುಡಿಯುತ್ತಿದ್ದರೆ, ಮೈ ಇಳಿಯುತ್ತಿದ್ದರೆ ಅದೇ ದಿನ ತೋರಿಸಿ. ಒದ್ದೆ ಹಾಸಿಗೆಯನ್ನು ಓಣಿಗೆಲ್ಲ ಕಾಣುವಂತೆ ಕಟ್ಟೆಯ ಮೇಲೆ ಒಣಹಾಕಿ ನಾಚಿಸುವುದು ನಮ್ಮಲ್ಲಿ ಹಳೆಯ ರೂಢಿ. ದಯವಿಟ್ಟು ಬೇಡ.

ಮಗ-ಸೊಸೆಗೆ ಹೇಳಿ: ಫೋನು ದಿನಾ ಒಂದೇ ಹೊತ್ತಿಗೆ ಬರಲಿ, ಐದು ನಿಮಿಷವಾದರೂ ಸಾಕು. ‘ಸಾಲಿಗಿ ಹೋದ್ಯಾ, ಅಭ್ಯಾಸ ಮಾಡಿದ್ಯಾ’ ಎಂಬ ವಿಚಾರಣೆ ಬೇಡ, ಇವತ್ತು ಏನು ಆಟ ಆಡಿದ ಎಂದು ಕೇಳಲಿ. ಬರಲಾಗದ ಹಬ್ಬಕ್ಕೆ ಬರುತ್ತೇವೆ ಎಂದು ಮಾತು ಕೊಡದಿರಲಿ. ಹೊರಡುವಾಗ ಮಲಗಿದ ಮಗುವಿನ ಕಣ್ಣು ತಪ್ಪಿಸಿ ಹೋಗದಿರಲಿ. ಅತ್ತರೂ ಸರಿ, ಹೇಳಿಯೇ ಹೋಗಲಿ. ಕಣ್ಣು ತಪ್ಪಿಸಿ ಹೋದವರನ್ನು ಮಗು ಮುಂದಿನ ಸಲ ನಂಬುವುದಿಲ್ಲ. ‘ಹಟ ಮಾಡಿದ್ರ ಅವ್ವ ಬರಂಗಿಲ್ಲ’ ಎಂದು ನೀವೂ ಹೆದರಿಸಬೇಡಿ. ಅವ್ವ ಬಾರದಿರುವುದಕ್ಕೆ ತಾನೇ ಕಾರಣ ಎಂದು ಆ ಜೀವ ಒಳಗೊಳಗೇ ನಂಬಿಬಿಡುತ್ತದೆ.

ಪ್ರಶ್ನೆ: ನಮ್ಮ ಮನಿಯಾಗ ಮರಾಠಿ. ಒಂದನೇತ್ತ ಕನ್ನಡ ಸಾಲಿಗಿ ಹಾಕೀವಿ. ಮನಿಯಾಗ ಪಟಪಟ ಮಾತಾಡೋ ಹುಡುಗಿ ಅಲ್ಲಿ ಬಾಯೇ ಬಿಡಂಗಿಲ್ಲ ಅಂತಾರ ಟೀಚರ್.

ಉತ್ತರ: ಹೊಸ ಭಾಷೆಗೆ ಬಿದ್ದ ಮಗು ಕೆಲವು ವಾರ, ಒಮ್ಮೊಮ್ಮೆ ಕೆಲವು ತಿಂಗಳು ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಬೀದರ ಜಿಲ್ಲೆಯ ಮಕ್ಕಳು ಮನೆಯಲ್ಲಿ ಒಂದು, ಬಜಾರಿನಲ್ಲಿ ಒಂದು, ಶಾಲೆಯಲ್ಲಿ ಒಂದು ಭಾಷೆ ಆಡುತ್ತಲೇ ಬೆಳೆದವರು. ಮನೆಯ ಮರಾಠಿ ಬಿಡಿಸಬೇಡಿ, ಅದರಿಂದ ಕನ್ನಡಕ್ಕೆ ಕೇಡಿಲ್ಲ. ಆಟದಲ್ಲಿ ಸೇರುತ್ತಾಳೆ, ಹೇಳಿದ್ದು ತಿಳಿಯುತ್ತದೆ ಎಂದರೆ ಕಾಯಿರಿ. ಮರಾಠಿ ಬಲ್ಲ ಗೆಳತಿಯ ಪಕ್ಕ ಕೂರಿಸಿದರೂ ಸಾಕಷ್ಟು ಕೆಲಸ ಆಗುತ್ತದೆ. ತಿಂಗಳುಗಳು ಕಳೆದರೂ ಶಾಲೆಯಲ್ಲಿ ಮರಾಠಿಯವರ ಜೊತೆಗೂ ಮಾತಿಲ್ಲ ಎಂದಾದರೆ ಅದು ಭಾಷೆಯ ತೊಡಕಲ್ಲ, ಅಂಜಿಕೆ. ಆಗ ಕಿವಿ ಪರೀಕ್ಷೆ ಮಾಡಿಸಿ, ಮಕ್ಕಳ ವೈದ್ಯರಿಗೂ ತೋರಿಸಿ.

ಪ್ರಶ್ನೆ: ನಮ್ದು ಬಸವಣ್ಣನ ಭಕ್ತರ ಮನಿತನ. ಹದಿನೈದು ವರ್ಷದ ಮಗಳು ಎಲ್ಲಾದಕ್ಕೂ ಎದುರು ಮಾತಾಡ್ತಾಳ. ಹೊಲದ ಆಳಿಗಿ ಚಹಾ ಕೊಡೋ ಲೋಟ ಬ್ಯಾರೆ ಯಾಕ ಇಟ್ಟೀರಿ ಅಂತ ಅವರ ಆಯಿಗಿ ಎಲ್ಲಾರ ಮುಂದ ಕೇಳಿದಳು. ಗುರು-ಹಿರಿಯರ ಅಂಜಿಕೆ ಹೋಗ್ಯಾದ. ಇದಕ್ಕ ಏನರ ಔಷಧ ಅದನ?

ಉತ್ತರ: ಇದೆ, ಯಜಮಾನರೇ. ಆ ಲೋಟವನ್ನು ತೆಗೆದುಹಾಕಿ.

ನಾನು ಚೇಷ್ಟೆ ಮಾಡುತ್ತಿಲ್ಲ. ಎಂಟು-ಹತ್ತು ವರ್ಷದ ತನಕ ಮಗುವಿಗೆ ಮನೆಯ ಕಟ್ಟಳೆ ಎಂದರೆ ಕಟ್ಟಳೆ. ಹದಿಮೂರು-ಹದಿನಾಲ್ಕರ ಹೊತ್ತಿಗೆ ಮಿದುಳಿಗೆ ಹೊಸ ಶಕ್ತಿಯೊಂದು ಬರುತ್ತದೆ. ಹೇಳುವುದನ್ನೂ ಮಾಡುವುದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಶಕ್ತಿ ಅದು. ಆಗ ಮೊದಲು ಕಣ್ಣಿಗೆ ಬೀಳುವುದು ತಂದೆತಾಯಿಯ ಇಬ್ಬಗೆ. ಗೋಡೆಯ ಮೇಲೆ ಬಸವಣ್ಣನ ಪಟ, ಅಡುಗೆಮನೆಯ ಮೂಲೆಯಲ್ಲಿ ಬೇರೆ ಲೋಟ. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೇ ವಿಧಿ ಅವಳ ಶಾಲೆಯ ಪುಸ್ತಕದಲ್ಲಿದೆ. ಹನ್ನೆರಡನೇ ಶತಮಾನದ ಕಲ್ಯಾಣವಂತೂ ನಿಮ್ಮದೇ ಜಿಲ್ಲೆಯಲ್ಲಿದೆ. ಕೇಳದಿದ್ದರೆ ಆಶ್ಚರ್ಯವಾಗಬೇಕಿತ್ತು.

ಅಮೆರಿಕದ ಲಾರೆನ್ಸ್ ಕೋಲ್ಬರ್ಗ್ ಎಂಬ ಮನೋವಿಜ್ಞಾನಿ 1958ರಿಂದ ಇಂಥದ್ದನ್ನೇ ಅಧ್ಯಯನ ಮಾಡಿದ. ಹುಡುಗರಿಗೆ ಇಕ್ಕಟ್ಟಿನ ಕತೆ ಹೇಳಿ, ಅವರು ಕೊಡುವ ಕಾರಣಗಳನ್ನು ಕೂಡಿಹಾಕಿದ. ಅವನ ಕತೆ ನಮಗೆ ಬೇಡ, ಭಾಲ್ಕಿಯದೇ ಒಂದಿದೆ. ನಿಜಾಮರ ಕಾಲದಲ್ಲಿ ಶಾಲೆಗಳಲ್ಲಿ ಉರ್ದುವಿನದೇ ಆಡಳಿತ. ಆಗ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗಿಸಿ ಒಳಗೆ ಕನ್ನಡ ಕಲಿಸಿದರು. ಇದು ನಿಮ್ಮ ಕಡೆ ಮಕ್ಕಳಿಗೂ ಗೊತ್ತು. ಒಂದು ಸಂಜೆ ಮನೆಯ ಮಕ್ಕಳನ್ನೆಲ್ಲ ಕೂರಿಸಿ ‘ಸರ್ಕಾರದ ಕಣ್ಣಿಗೆ ಬಟ್ಟೆ ಕಟ್ಟಿದ್ದು ಸರಿಯೇ?’ ಎಂದು ಕೇಳಿನೋಡಿ. ಆರು ವರ್ಷದವನು ‘ಸಿಕ್ಕಿದ್ರ ಪೊಲೀಸ್ರು ಹಿಡೀತಿದ್ರು’ ಎಂದಾನು. ಹನ್ನೊಂದರವಳು ‘ಅಪ್ಪಗೋಳು ಮಾಡ್ಯಾರಂದ್ರ ಸರೀನೇ ಇರ್ತದ’ ಎಂದಾಳು. ‘ಆ ಕಾನೂನೇ ನ್ಯಾಯದ್ದಲ್ಲ’ ಎನ್ನುವವಳು ನಿಮ್ಮ ಹದಿನೈದರ ಮಗಳು. ಒಂದೇ ಕತೆ, ಮೂರು ಬಗೆಯ ನೀತಿಬುದ್ಧಿ. ಕೋಲ್ಬರ್ಗ್ ನ್ಯಾಯವನ್ನಷ್ಟೇ ಅಳೆದ, ಇನ್ನೊಬ್ಬರ ಬಗೆಗಿನ ಕಾಳಜಿಯನ್ನು ಅಳೆಯಲಿಲ್ಲ ಎಂದು ಮನೋವಿಜ್ಞಾನಿ ಕ್ಯಾರೋಲ್ ಗಿಲ್ಲಿಗನ್ 1982ರಲ್ಲಿ ಜಗಳ ತೆಗೆದಳು. ಅದು ಒಪ್ಪತಕ್ಕ ಜಗಳ. ನಿಮ್ಮ ಮಗಳ ಪ್ರಶ್ನೆಯಲ್ಲಿ ಎರಡೂ ಇವೆ. ಆ ಲೋಟದಲ್ಲಿ ಕುಡಿಯುವವರಿಗೆ ಹೇಗನ್ನಿಸುತ್ತದೆ ಎಂಬುದೂ ಅವಳಿಗೆ ಕಂಡಿದೆ.

ನಾಲ್ಕು ಜನರ ಮುಂದೆ ಆಯಿಯ ಮನಸ್ಸು ನೋಯಿಸಿದ ರೀತಿ ತಿದ್ದಬೇಕಾದದ್ದೇ. ಅದನ್ನು ಒಬ್ಬಳೇ ಇದ್ದಾಗ ಹೇಳಿ: ‘ನಿನ್ನ ಮಾತು ಖರೇ ಅದ, ಆಡಿದ ರೀತಿ ಸರಿ ಇಲ್ಲ.’ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ಅದೂ ಈ ಕ್ರಮದಲ್ಲೇ. ಅಂಜಿಕೆಯಿಂದ ಸುಮ್ಮನಾದ ಹುಡುಗಿ ನಾಳೆ ಗಂಡನ ಮನೆಯಲ್ಲಿ, ಕೆಲಸದ ಜಾಗದಲ್ಲಿ ತನಗೇ ಅನ್ಯಾಯವಾದಾಗಲೂ ಸುಮ್ಮನಿರುತ್ತಾಳೆ.

ಪ್ರಶ್ನೆ: ನಾನು ಒಂಬತ್ತನೇತ್ತ ಓದ್ತೀನಿ. ಗೆಳೆಯರು ಗುಟ್ಕಾ ತಿನ್ನು ಅಂತಾರ, ಒಲ್ಲೆ ಅಂದ್ರ ‘ಹೆಣ್ಣು’ ಅಂತ ನಗ್ತಾರ. ಒಬ್ಬನೇ ಇದ್ದಾಗ ಬ್ಯಾಡ ಅನಿಸ್ತದ, ಅವರ ಕೂಡ ಇದ್ದಾಗ ತಿಂದೇಬಿಡಬೇಕು ಅನಿಸ್ತದ. ನಾ ಕೆಟ್ಟಾವೇನು?

ಉತ್ತರ: ಅಲ್ಲಪ್ಪ. ಇಷ್ಟು ನಿಚ್ಚಳವಾಗಿ ತನ್ನ ಮನಸ್ಸನ್ನು ನೋಡಿಕೊಳ್ಳುವವನು ಕೆಟ್ಟವನಾಗಲಾರ. 2005ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿದರು. ಗೆಳೆಯರು ಪಕ್ಕದಲ್ಲಿ ಇದ್ದಾಗ 13ರಿಂದ 16ರ ವಯಸ್ಸಿನವರು ಒಂಟಿಯಾಗಿದ್ದಾಗಿನದಕ್ಕಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ದೊಡ್ಡವರ ಆಟ ಹೆಚ್ಚೇನೂ ಬದಲಾಗಲಿಲ್ಲ. ಮಿದುಳಿನಲ್ಲಿ ನಮ್ಮನ್ನು ತಡೆಯುವ ಭಾಗ ಇಪ್ಪತ್ತೈದರ ಆಸುಪಾಸಿನ ತನಕ ಬೆಳೆಯುತ್ತಲೇ ಇರುತ್ತದೆ. ಮೆಚ್ಚುಗೆಗೆ ಹಂಬಲಿಸುವ ಭಾಗ ಮಾತ್ರ ಈಗಲೇ ಭರ್ತಿ ಕೆಲಸದಲ್ಲಿದೆ.

ಹಾಗಾಗಿ ಗುಂಪಿನಲ್ಲಿ ನಿಂತು ನಿರ್ಧಾರ ಮಾಡಬೇಡ, ಮನೆಯಲ್ಲೇ ಮಾಡಿಕೊಂಡು ಹೋಗು. ಭಾಷಣ ಬೇಡ. ‘ಬಾಯಿ ಹುಣ್ಣಾಗ್ಯಾದ, ಒಲ್ಲೆ’ ಎಂದರೂ ನಡೆಯುತ್ತದೆ. ನಿನ್ನಂತೆಯೇ ಒಲ್ಲದ ಇನ್ನೊಬ್ಬ ಆ ಗುಂಪಿನಲ್ಲಿ ಇದ್ದಾನು, ಅವನನ್ನು ಹುಡುಕು. ಇಬ್ಬರಾದರೆ ನಗುವವರ ಸದ್ದು ಅರ್ಧವಾಗುತ್ತದೆ. ಅಡಿಕೆ ಬೆರೆತ ಗುಟ್ಕಾ ತಿಂದು ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗದ ಹುಡುಗರು ನಮ್ಮ ದವಾಖಾನೆಗಳಿಗೆ ಬರುತ್ತಾರೆ. ಬಿಗಿದ ಆ ಬಾಯಿ ಪೂರ್ತಿ ಮೊದಲಿನಂತಾಗುವುದು ಕಷ್ಟ.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಫೇಲಾದ ಮಗಳು ಮೂರು ವಾರದಿಂದ ಸರಿ ಉಣ್ಣಂಗಿಲ್ಲ, ಮಲಗಂಗಿಲ್ಲ. ಮೊನ್ನಿ ‘ನಾ ಇದ್ದು ಏನು ಮಾಡ್ಲಿ’ ಅಂದಳು. ಕೇಳಿದ್ರ ಆ ವಿಚಾರ ತಲಿಯಾಗ ಇನ್ನಷ್ಟು ತುಂಬ್ತದ ಅಂತ ಸುಮ್ಮನಿದ್ದೀನಿ.

ಉತ್ತರ: ಸುಮ್ಮನಿರಬೇಡಿ ಅಕ್ಕ, ಇವತ್ತೇ ಕೇಳಿ. ಕೇಳುವುದರಿಂದ ಸಾಯುವ ವಿಚಾರ ಹುಟ್ಟುವುದಿಲ್ಲ, ಮನಸ್ಸಿನ ಭಾರ ಇಳಿಯುತ್ತದೆ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: ‘ಸಾಯಬೇಕು ಅನಿಸ್ಯಾದೇನವ್ವ?’ ಹೌದು ಎಂದರೆ ಬೈಯಬೇಡಿ, ಅತ್ತು ಆಣೆ ಹಾಕಿಸಬೇಡಿ, ಪೂರ್ತಿ ಹೇಳಲು ಬಿಡಿ. ಮರುಪರೀಕ್ಷೆಯ ಮಾತು ಸದ್ಯಕ್ಕೆ ಬೇಡ. ತೊಗರಿ, ಸೋಯಾಕ್ಕೆ ಹೊಡೆಯುವ ಎಣ್ಣೆ ಮನೆಯಲ್ಲಿ ಇದ್ದರೆ ಈ ಪತ್ರಿಕೆ ಕೆಳಗಿಟ್ಟು ಮೊದಲು ಅದನ್ನು ಮನೆಯಿಂದ ಹೊರಗೆ ಸಾಗಿಸಿ, ಬೀಗದಲ್ಲಿಡಿ. ಅವಳನ್ನು ಒಂಟಿಯಾಗಿ ಬಿಡಬೇಡಿ. ನಾಳೆಯೇ ಬೀದರಿನ ಬ್ರಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ. ರಾತ್ರಿ ಹೊತ್ತಲ್ಲಿ ದಿಕ್ಕು ತೋಚದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ. ಸಂಖ್ಯೆ 14416. ದಿನದ ಯಾವ ಹೊತ್ತಿಗೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.