ಹೆಸರು ಸಿಗದ ಬೇನೆ

ನಿದಾನವೆಂಬ ಪದಕ್ಕೆ ಆಯುರ್ವೇದದಲ್ಲಿ ಎರಡು ಅರ್ಥಗಳುಂಟು. ರೋಗಕ್ಕೆ ಮೂಲವಾದ ಕಾರಣವೂ ನಿದಾನ. ರೋಗವನ್ನು ಇಂಥದೆಂದು ನಿಶ್ಚಯಿಸುವ ಕ್ರಮವೂ ನಿದಾನ. ಕಾರಣವನ್ನು ವಿಚಾರಿಸದೆ ರೋಗದ ಹೆಸರು ಹೇಳಹೊರಟ ವೈದ್ಯನು ಎಷ್ಟು ಸುಲಭವಾಗಿ ಎಡವುತ್ತಾನೆಂಬುದನ್ನು ನಾವು ಗ್ರಂಥದಿಂದಲ್ಲ, ನಮ್ಮದೇ ತಪ್ಪಿನಿಂದ ಕಲಿತೆವು. ತಿಂಗಳುಗಟ್ಟಲೆ ಯಾವುದೋ ಬೇನೆಯಿಂದ ನರಳುತ್ತ, “ರಿಪೋರ್ಟ್ ಎಲ್ಲ ನಾರ್ಮಲ್ ಇವೆ” ಎಂಬ ಮಾತನ್ನು ಕೇಳಿ ಕೇಳಿ ದಣಿದವರು ನಮ್ಮ ಓದುಗರಲ್ಲಿಯೂ ಕೆಲವರಿರಬಹುದು. ಅಂಥವರಿಗೆ ಉಪಯೋಗವಾದೀತೆಂದು ಆ ಪ್ರಸಂಗವನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ, ಶ್ರಾವಣಮಾಸದ ಉಚಿತ ತಪಾಸಣಾ ಶಿಬಿರಕ್ಕೆ ನಲವತ್ತರ ಆಸುಪಾಸಿನ ಒಕ್ಕಲುತನದ ಮನೆಯ ತಾಯಿಯೊಬ್ಬರು ಬಂದರು. ಎಂಟು ತಿಂಗಳಿಂದ ಅವರಿಗೆ ಜ್ವರ. ಹತ್ತು ದಿನ ಬರುವುದು, ಒಂದು ವಾರ ಬಿಡುವುದು, ಮತ್ತೆ ಬರುವುದು. ಸಂಜೆಯಾದೊಡನೆ ಮೈ ಜುಮ್ಮೆನ್ನುವುದು, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು. ಸೊಂಟದಲ್ಲಿ ನೋವು, ಊಟ ಸೇರದು, ತೂಕ ಏಳು ಕಿಲೋ ಇಳಿದಿತ್ತು. ಕಾರಣವಿಲ್ಲದೆ ಅಳು ಬರುತ್ತದೆಂದು ಜೊತೆಗೆ ಬಂದ ಅತ್ತೆ ಹೇಳಿದರು. ಕೈಯಲ್ಲಿ ಒಂದು ಬಟ್ಟೆಚೀಲ; ಅದರ ತುಂಬ ಕಾಗದಗಳು. ಇಬ್ಬರು ವೈದ್ಯರು ವಿಡಾಲ್ ಪರೀಕ್ಷೆ ನೋಡಿ ಟೈಫಾಯಿಡ್ ಎಂದಿದ್ದರು. ಒಬ್ಬರು ಸಂಧಿವಾತವೆಂದಿದ್ದರು. ಮತ್ತೊಬ್ಬರು ಮುಟ್ಟು ನಿಲ್ಲುವ ಕಾಲದ ತೊಂದರೆಯೆಂದೂ, ಇನ್ನೊಬ್ಬರು ಮನಸ್ಸಿನ ಬೇನೆಯೆಂದೂ ಹೇಳಿ ಕಳುಹಿಸಿದ್ದರು. ಊರವರು ಗಾಳಿ ಸೋಂಕಿದೆ ಎಂದಿದ್ದರು. ಆ ತಾಯಿ ನಮ್ಮೆದುರು ಕುಳಿತು, “ಸಾಹೇಬ್ರ, ನನಗೇನ ಆಗೇತಿ ಅಂತ ಯಾರರ ಒಬ್ಬರು ಹೇಳ್ರಿ. ಕೆಟ್ಟದ್ದಿದ್ರೂ ಹೇಳ್ರಿ” ಎಂದರು.

ನಾವು ಹೇಳಿಯೂಬಿಟ್ಟೆವು: ಇದು ಆಮವಾತ. ಮಾಧವನಿದಾನದಲ್ಲಿ ಆಮವಾತಕ್ಕೆ ಹೇಳಿರುವ ಮೈನೋವು, ಅರುಚಿ, ಆಲಸ್ಯ, ಮೈಭಾರ, ಜ್ವರ ಎಲ್ಲವೂ ಅವರಲ್ಲಿ ಇದ್ದವು. ಸಿಂಹನಾದ ಗುಗ್ಗುಲು, ರಾಸ್ನಾಸಪ್ತಕ ಕಷಾಯ, ಹರಳೆಣ್ಣೆ. ಹಾಲು ಮೊಸರು ವರ್ಜ್ಯ. ಮೊದಲ ಹದಿನೈದು ದಿನ ಮೈ ಹಗುರಾಯಿತು. ನಮಗೂ ಸಮಾಧಾನವಾಯಿತು. ಆಮೇಲೆ ಜ್ವರ ಮರಳಿತು. ಔಷಧಿಯ ಪ್ರಮಾಣ ಹೆಚ್ಚಿಸಿದೆವು, ಅನುಪಾನ ಬದಲಿಸಿದೆವು, ಪಥ್ಯ ಸರಿಯಾಗಿ ಪಾಲಿಸುತ್ತಿಲ್ಲವೆಂದು ಒಮ್ಮೆ ಗದರಿಸಿದ್ದೂ ಉಂಟು. ಅದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಎರಡೂವರೆ ತಿಂಗಳು ಕಳೆದು ಸೀಗಿ ಹುಣ್ಣಿಮೆಯ ಹೊತ್ತಿಗೆ ಅವರು ಇನ್ನೂ ಕೃಶರಾಗಿದ್ದರು. ಈಗ ಬೃಂಹಣ ಚಿಕಿತ್ಸೆ ಬೇಕೆಂದು ನಿರ್ಧರಿಸಿ ಶತಾವರಿ ಬರೆದೆವು. ಇಷ್ಟು ದಿನ ಹಾಲು ಬಿಡಿಸಿದ್ದ ನಾವೇ, ದಿನವೂ ಬೆಳಿಗ್ಗೆ ಧಾರೋಷ್ಣ ಹಾಲು, ಅಂದರೆ ಆಗತಾನೆ ಕರೆದ ನೊರೆಹಾಲು ಕುಡಿಯಿರಿ ಎಂದೂ ಹೇಳಿದೆವು. ಆಗ ಆ ತಾಯಿ ಕೇಳಿದರು: “ನಮ್ಮ ಎಮ್ಮಿ ಹಾಲು ನಡೀತೈತೇನ್ರಿ? ಹ್ವಾದ ದೀಪಾವಳಿ ಮುಂದ ಕಂದ ಹಾಕೈತ್ರಿ. ಅವಾಗಿಂದ ಹಾಲು ಭಾಳ ಕಮ್ಮಿ.”

ಲೇಖನಿ ಅಲ್ಲಿಗೇ ನಿಂತಿತು.

ಎಷ್ಟು ತಿಂಗಳ ಗಬ್ಬವಿತ್ತೆಂದು ಕೇಳಿದೆವು. ಎಂಟು ತುಂಬಿತ್ತು. ಪಕ್ಕದ ಮನೆಯ ಎರಡು ಎಮ್ಮೆಗಳೂ ಅದೇ ಸುಮಾರಿಗೆ ಕಂದು ಹಾಕಿದ್ದವು. ಮಾಸು ಬೀಳದಿದ್ದಾಗ ಇವರೇ ಕೈಹಾಕಿ ತೆಗೆದಿದ್ದರು. ಬೆರಳಿಗೆ ಕುಡುಗೋಲಿನ ಗಾಯವಿತ್ತು. ಅದಾಗಿ ಒಂದು ತಿಂಗಳಿಗೆ, ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ ಮೊದಲ ಜ್ವರ. “ಇದನ್ನ ಮೊದಲ ಯಾಕ ಹೇಳಲಿಲ್ಲ, ಯವ್ವಾ?” ಎಂದೆವು. “ನೀವು ಕೇಳಲಿಲ್ಲಲ್ರಿ. ಎಮ್ಮಿ ಜಡ್ಡಿಗೂ ನನ್ನ ಜಡ್ಡಿಗೂ ಏನ ಸಂಬಂಧ ಅಂತ ನಾನೂ ಸುಮ್ಮನಿದ್ದೆ.”

ನಾವು ಔಷಧಿ ಕೊಡಲಿಲ್ಲ. ಒಂದು ಪತ್ರ ಬರೆದು, ಅದರಲ್ಲಿ ಎಮ್ಮೆಯ ವಿಷಯವನ್ನು ಮೊದಲ ಸಾಲಿನಲ್ಲಿಯೇ ನಮೂದಿಸಿ, ಪರಿಚಿತ ಎಂ.ಡಿ. ವೈದ್ಯರಲ್ಲಿಗೆ ಕಳುಹಿಸಿದೆವು. ರೋಸ್ ಬೆಂಗಾಲ್ ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂದಿತು. ಅದನ್ನು ಖಚಿತಪಡಿಸುವ ಅಗ್ಲುಟಿನೇಷನ್ ಪರೀಕ್ಷೆಯೂ ಅದನ್ನೇ ಹೇಳಿತು. ರೋಗದ ಹೆಸರು ಬ್ರುಸೆಲ್ಲೋಸಿಸ್.

ಇದು ಹೊಸ ರೋಗವಲ್ಲ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸೈನಿಕರನ್ನು ಇಂಥದೇ ಏರಿಳಿಯುವ ಜ್ವರ ಕಾಡುತ್ತಿತ್ತು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾವೈದ್ಯರು ಅದರ ಜೀವಾಣುವನ್ನು ಗುರುತಿಸಿದರು. ಅದು ಎಲ್ಲಿಂದ ಬರುತ್ತದೆಂಬುದು ಮಾತ್ರ ತಿಳಿಯಲಿಲ್ಲ. 1905ರಲ್ಲಿ ಮಾಲ್ಟಾದವರೇ ಆದ ಥೆಮಿಸ್ಟೋಕ್ಲಿಸ್ ಝಮ್ಮಿಟ್ ಅವರು, ನೋಡಲು ಆರೋಗ್ಯವಾಗಿಯೇ ಇದ್ದ ಆಡುಗಳ ರಕ್ತದಲ್ಲಿ ಅದನ್ನು ಕಂಡರು. ಹಸಿ ಆಡಿನ ಹಾಲನ್ನು ಸೈನಿಕರಿಗೆ ನಿಲ್ಲಿಸಿದ ಮೇಲೆ ಜ್ವರ ಅವರಲ್ಲಿ ಬಹುಮಟ್ಟಿಗೆ ಇಳಿದುಹೋಯಿತು.

ಅಮೆರಿಕದ ಆಲಿಸ್ ಇವಾನ್ಸ್ ಅವರ ಕಥೆಯನ್ನು ನಾವು ವಿದ್ಯಾರ್ಥಿಗಳಿಗೆ ಹೇಳದೆ ಬಿಡುವುದಿಲ್ಲ. ಹಸುಗಳು ಕಂದು ಹಾಕಲು ಕಾರಣವಾದ ಜೀವಾಣುವೂ ಮಾಲ್ಟಾ ಜ್ವರದ ಜೀವಾಣುವೂ ಹತ್ತಿರದ ಸಂಬಂಧಿಗಳೆಂದೂ, ಆದ್ದರಿಂದ ಹಸಿ ಹಾಲು ಅಪಾಯಕಾರಿಯೆಂದೂ 1918ರಲ್ಲಿ ಪ್ರಕಟಿಸಿದವರು ಆಕೆ. ಅನೇಕರು ನಂಬಲಿಲ್ಲ. 1922ರಲ್ಲಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿರುವಾಗ ಆ ಸೋಂಕು ಅವರಿಗೇ ತಗುಲಿತು. ಮುಂದೆ ಸುಮಾರು ಇಪ್ಪತ್ತು ವರ್ಷ ಬಿಟ್ಟು ಬಿಟ್ಟು ಕಾಡಿತು. ಆ ರೋಗವನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರಲ್ಲಿ ಒಬ್ಬರಾದ ಆಕೆಗೂ ವೈದ್ಯರು ಕೊಟ್ಟ ಹೆಸರು ನರದೌರ್ಬಲ್ಯ. ಅಂದರೆ ಮನಸ್ಸಿನ ಕಲ್ಪನೆ. ಅವರ ದೇಹದಿಂದಲೇ ಜೀವಾಣುವನ್ನು ಬೆಳೆಸಿ ತೋರಿಸಿದ ಮೇಲೆ ಆ ಮಾತು ನಿಂತಿತು. ಇಂಥ ವಿದ್ವಾಂಸೆಗೇ ಹೀಗಾದರೆ, ಬಟ್ಟೆಚೀಲ ಹಿಡಿದು ಬಂದ ನಮ್ಮೂರ ತಾಯಿಯ ಮಾತನ್ನು ಯಾರು ಕೇಳಿಯಾರು?

ಈಗ ಆ ಚೀಲದ ಕಾಗದಗಳ ವಿಷಯ. ರೋಗವನ್ನು ಅರಿಯಲು ನಮ್ಮ ಶಾಸ್ತ್ರ ಐದು ದಾರಿಗಳನ್ನು ಹೇಳಿದೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ನಾವೆಲ್ಲರೂ ನೋಡಿದ್ದು ರೂಪವನ್ನು ಮಾತ್ರ, ಅಂದರೆ ಎದುರಿಗೆ ಕಾಣುವ ಲಕ್ಷಣಗಳನ್ನು. ಉಪಶಯವೆಂದರೆ ಯಾವ ಔಷಧಿಗೆ, ಯಾವ ಆಹಾರಕ್ಕೆ, ಯಾವ ವಿಹಾರಕ್ಕೆ ಬೇನೆ ತಗ್ಗಿತು ಎಂಬುದರಿಂದ ರೋಗವನ್ನು ಊಹಿಸುವುದು. ಅವರ ಹಳೆಯ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಹಚ್ಚಿ ನೋಡಿದಾಗ ಒಂದು ಸಂಗತಿ ಕಂಡಿತು. ಎರಡು ಸಲ ಅವರಿಗೆ ಒಂದೊಂದು ವಾರ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟಿದ್ದರು. ಎರಡೂ ಸಲ ಜ್ವರ ಪೂರ್ತಿ ಬಿಟ್ಟು, ಕೆಲವು ವಾರಗಳ ಮೇಲೆ ಮರಳಿತ್ತು. ಬ್ರುಸೆಲ್ಲಾ ಜೀವಾಣು ರಕ್ತದಲ್ಲಿ ಸುಮ್ಮನೆ ತೇಲಿಕೊಂಡಿರುವುದಿಲ್ಲ. ಯಕೃತ್ತು, ಪ್ಲೀಹ, ಅಸ್ಥಿಮಜ್ಜೆಗಳ ಜೀವಕೋಶಗಳೊಳಗೆ ಅಡಗುತ್ತದೆ. ಆದ್ದರಿಂದ ಒಂದು ವಾರದ ಔಷಧಿ ಅದನ್ನು ಬೆದರಿಸುತ್ತದೆ, ಬೇರುಸಹಿತ ಕೀಳುವುದಿಲ್ಲ. ಆ ಉಪಶಯವನ್ನು ಯಾರೂ ಓದಲಿಲ್ಲ. ಚೀಲ ನಮ್ಮ ಮೇಜಿನ ಮೇಲೆಯೇ ಇತ್ತು, ನಾವೂ ಓದಲಿಲ್ಲ.

ವಿಡಾಲ್ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಅದು ಟೈಫಾಯಿಡ್ ಜೀವಾಣುವನ್ನು ತೋರಿಸುವುದಿಲ್ಲ; ಅದರ ವಿರುದ್ಧ ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಮಾತ್ರ ಅಳೆಯುತ್ತದೆ. ಹಿಂದೆಂದೋ ಬಂದು ಹೋದ ಸೋಂಕಿನಿಂದಲೂ, ಲಸಿಕೆಯಿಂದಲೂ ಅದು ಪಾಸಿಟಿವ್ ಆಗಬಹುದು. ಟೈಫಾಯಿಡ್ ಸಾಮಾನ್ಯವಾಗಿರುವ ನಮ್ಮ ಸೀಮೆಯಲ್ಲಿ ಕೇವಲ ಒಂದು ವಿಡಾಲ್ ನೋಡಿ ಎಂಟು ತಿಂಗಳ ಜ್ವರಕ್ಕೆ ಟೈಫಾಯಿಡ್ ಎಂದು ಹೆಸರಿಡುವುದು ಸರಿಯಲ್ಲ. ಹಾಗೆಂದು ಅಲೋಪಥಿ ವೈದ್ಯರನ್ನು ದೂರುವ ಅರ್ಹತೆ ನಮಗಿಲ್ಲ. ಅವರು ವಿಡಾಲನ್ನು ನಂಬಿದರು. ನಾವು ಮಾಧವಕರನ ಪಟ್ಟಿಯನ್ನು ನಂಬಿದೆವು.

ಚರಕಸಂಹಿತೆಯ ಸೂತ್ರಸ್ಥಾನದ ಹದಿನೆಂಟನೆಯ ಅಧ್ಯಾಯದಲ್ಲಿ ಒಂದು ದೊಡ್ಡ ಮಾತಿದೆ. ರೋಗದ ಹೆಸರು ತಿಳಿಯದಿದ್ದರೆ ವೈದ್ಯನು ನಾಚಬೇಕಿಲ್ಲ, ಎಲ್ಲ ವಿಕಾರಗಳಿಗೂ ನಿಶ್ಚಿತವಾದ ಹೆಸರೆಂಬುದಿಲ್ಲ ಎಂಬುದು ಅದರ ತಾತ್ಪರ್ಯ. ದೋಷದ ಸ್ವಭಾವ, ಅದು ನೆಲೆಸಿದ ಸ್ಥಾನ, ಅದಕ್ಕೆ ಕಾರಣವಾದ ಸಂಗತಿ, ಈ ಮೂರನ್ನು ಅರಿತು ಚಿಕಿತ್ಸೆಗೆ ತೊಡಗಬೇಕೆಂದು ಅಲ್ಲಿ ಹೇಳಿದೆ. ಈ ಮಾತನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಆದರೆ ಆ ದಿನ ರೋಗಿ “ಹೇಳ್ರಿ” ಎಂದೊಡನೆ, ತಿಳಿಯದು ಎನ್ನಲು ನಾಲಿಗೆ ಏಳಲಿಲ್ಲ. “ನಮಗಿನ್ನೂ ತಿಳಿದಿಲ್ಲ, ಆದರೆ ಹುಡುಕೋಣ” ಎನ್ನುವ ವೈದ್ಯರು ನಿಮಗೆ ಸಿಕ್ಕಿದರೆ ಅವರನ್ನು ಬಿಡಬೇಡಿರಿ. ವೈದ್ಯರನ್ನು ತಿಂಗಳಿಗೊಬ್ಬರಂತೆ ಬದಲಿಸಿದರೆ ಪ್ರತಿಯೊಬ್ಬರೂ ಮೊದಲ ಪುಟದಿಂದಲೇ ಆರಂಭಿಸುತ್ತಾರೆ. ಎರಡನೆಯ ಪುಟಕ್ಕೆ ಯಾರೂ ಬರುವುದಿಲ್ಲ.

ರೋಗಿಯು ಮಾಡಬಹುದಾದ ದೊಡ್ಡ ಕೆಲಸವೆಂದರೆ ಬರೆದಿಡುವುದು. ಶಾಲೆಯ ಮಕ್ಕಳ ಒಂದು ನೋಟುಪುಸ್ತಕ ಸಾಕು. ಬೇನೆ ಮೊದಲು ಯಾವಾಗ ಬಂದಿತು, ಅದಕ್ಕೆ ಒಂದೆರಡು ತಿಂಗಳ ಹಿಂದೆ ಮನೆಯಲ್ಲಿ, ಹೊಲದಲ್ಲಿ, ಕೊಟ್ಟಿಗೆಯಲ್ಲಿ ಏನು ನಡೆಯಿತು, ಎಲ್ಲಿಗೆ ಪ್ರಯಾಣ ಮಾಡಿದಿರಿ, ಯಾವ ನೀರು ಕುಡಿದಿರಿ ಎಂಬುದನ್ನು ನೆನಪಿಸಿಕೊಂಡು ಬರೆಯಿರಿ. ದಿನಾಂಕ ನೆನಪಿಲ್ಲದಿದ್ದರೆ ಹಬ್ಬ, ಹುಣ್ಣಿಮೆ, ಸುಗ್ಗಿಯ ಲೆಕ್ಕದಲ್ಲಿ ಬರೆದರೂ ಸರಿ. ಜ್ವರವಿದ್ದರೆ ಥರ್ಮಾಮೀಟರಿನಿಂದ ಬೆಳಿಗ್ಗೆ ಸಂಜೆ ಅಳೆದು ಬರೆಯಿರಿ; “ಒಳಜ್ವರ” ಎಂಬ ಮಾತಿನಿಂದ ವೈದ್ಯನಿಗೆ ಏನೂ ತಿಳಿಯುವುದಿಲ್ಲ. ವಾರಕ್ಕೊಮ್ಮೆ ತೂಕ. ತೆಗೆದುಕೊಂಡ ಔಷಧಿಯ ಹೆಸರು, ಎಷ್ಟು ದಿನ, ಏನಾಯಿತು. ಇದರಲ್ಲಿ ನಮ್ಮಂಥ ನಾಟಿ, ಆಯುರ್ವೇದ ವೈದ್ಯರು ಕೊಟ್ಟದ್ದೂ ಸೇರಬೇಕು. ಹೆಸರಿಲ್ಲದ ಪೊಟ್ಟಣದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದನ್ನೂ, ಸರಿಯಾಗಿ ಶೋಧಿಸದ ಭಸ್ಮಗಳಿಂದ ಸೀಸದ ವಿಷವೇರುವುದನ್ನೂ ವೈದ್ಯಲೋಕ ಬಲ್ಲದು. ಕೆಲವೊಮ್ಮೆ ಹೆಸರು ಸಿಗದ ಬೇನೆಯ ಮೂಲ ಆ ಪೊಟ್ಟಣವೇ ಆಗಿರುತ್ತದೆ.

ದೀರ್ಘಕಾಲದ ಅಸ್ಪಷ್ಟ ಬೇನೆಗಳೆಲ್ಲ ಬ್ರುಸೆಲ್ಲೋಸಿಸ್ ಅಲ್ಲವೆಂಬುದನ್ನು ಓದುಗರು ಮರೆಯಬಾರದು. ಥೈರಾಯ್ಡ್ ಗ್ರಂಥಿಯ ಮಾಂದ್ಯ, ರಕ್ತಹೀನತೆ, ಬಿ-12 ಕೊರತೆ, ಮಧುಮೇಹ, ಎಲುಬು ಅಥವಾ ಹೊಟ್ಟೆಯ ಕ್ಷಯ, ಗೋಧಿ ಒಗ್ಗದಿರುವ ಸೀಲಿಯಾಕ್ ರೋಗ, ಲೂಪಸ್, ಕೆಲವು ಅರ್ಬುದಗಳು, ಇವೆಲ್ಲವೂ ಮೊದಮೊದಲು ದಣಿವು, ನೋವುಗಳ ರೂಪದಲ್ಲಿಯೇ ಕಾಣಿಸಿಕೊಳ್ಳಬಹುದು. ಖಿನ್ನತೆಯೂ ನಿಜವಾದ ರೋಗವೇ, ಅದಕ್ಕೂ ಚಿಕಿತ್ಸೆಯುಂಟು. ಆದರೆ ಬೇರೇನೂ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ರೋಗಿಯ ತಲೆಗೆ ಕಟ್ಟಬಾರದು. ತೂಕ ಇಳಿಯುತ್ತಿದ್ದರೆ, ರಾತ್ರಿ ಬೆವರುತ್ತಿದ್ದರೆ, ಎರಡು ಮೂರು ವಾರ ಮೀರಿ ಜ್ವರವಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕಾಲು ಸೋಲುತ್ತಿದ್ದರೆ ಕಷಾಯ ಕುಡಿಯುತ್ತ ಕಾಲ ಕಳೆಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಇದನ್ನು ಆಯುರ್ವೇದ ವೈದ್ಯರಾಗಿಯೇ ಹೇಳುತ್ತಿದ್ದೇವೆ.

ಇನ್ನು ಹಾಲು. ಹಸಿ ಹಾಲು ಗುರು, ಅಭಿಷ್ಯಂದಿ. ಕಾಯಿಸಿದ ಹಾಲು ಲಘು ಎಂದು ಸುಶ್ರುತಸಂಹಿತೆ ಹೇಳುತ್ತದೆ. ಧಾರೋಷ್ಣವನ್ನು ಮಾತ್ರ ಗುಣವುಳ್ಳದ್ದೆಂದು ಎತ್ತಿ ಹೇಳಿದೆ. ಆ ಮಾತನ್ನು ಹಿಡಿದುಕೊಂಡು ನಾವು ಎಷ್ಟೋ ವರ್ಷ ಕ್ಷೀಣರಾದವರಿಗೆ ನೊರೆಹಾಲು ಕುಡಿಸಿದೆವು. ಈಗ ಹಾಗೆ ಹೇಳುವುದಿಲ್ಲ. ಸೋಂಕು ತಗುಲಿದ ಎಮ್ಮೆ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ, ಹಾಲಿನಲ್ಲಿ ಜೀವಾಣು ಬರುತ್ತಲೇ ಇರುತ್ತದೆ. ಚೆನ್ನಾಗಿ ಉಕ್ಕಿಸಿದರೆ ಅದು ಸಾಯುತ್ತದೆ. ಗಿಣ್ಣದ ಹಾಲನ್ನೂ ಅರೆಬೆಂದಂತೆ ತಿನ್ನಬಾರದು. ದನ, ಎಮ್ಮೆ, ಆಡು, ಕುರಿ ಯಾವುದೇ ಕಂದು ಹಾಕಿದರೆ ಬರಿಗೈಯಿಂದ ಮುಟ್ಟದೆ, ಕೈಗವಸು ಹಾಕಿಕೊಂಡು ಕಂದು ಮತ್ತು ಮಾಸನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಬೇಕು, ನಾಯಿಗೆ ಎಸೆಯಬಾರದು. ನಾಲ್ಕರಿಂದ ಎಂಟು ತಿಂಗಳ ವಯಸ್ಸಿನ ಹೆಣ್ಣು ಕರುಗಳಿಗೆ ಜೀವಮಾನಕ್ಕೊಮ್ಮೆ ಹಾಕುವ ಲಸಿಕೆಯಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಬೇನೆಯ ಜೊತೆಗೆ ಈ ರೋಗವೂ ಸೇರಿದೆ. ಊರಿನ ಪಶುವೈದ್ಯರನ್ನು ವಿಚಾರಿಸಿರಿ.

ಆ ತಾಯಿಗೆ ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ ಎಂಬ ಎರಡು ಔಷಧಿಗಳನ್ನು ಆರು ವಾರ ತಪ್ಪದೆ ಕೊಟ್ಟರು. ಎರಡನೆಯ ವಾರದಲ್ಲಿ ಜ್ವರ ಬಿಟ್ಟಾಗ ಮಾತ್ರೆ ನಿಲ್ಲಿಸುತ್ತೇನೆಂದು ಬಂದರು. ಕೂಡದೆಂದು ತಡೆದದ್ದೊಂದೇ ನಾವು ಮಾಡಿದ ಚಿಕಿತ್ಸೆ. ಅವರ ಮನೆಯವರೆಲ್ಲರ ಪರೀಕ್ಷೆಯೂ ಆಯಿತು. ಬೆನ್ನುನೋವೆಂದು ಸುಮ್ಮನಿದ್ದ ಗಂಡನಿಗೂ ರೋಗವಿತ್ತು. ಸೊಂಟದ ನೋವು ಪೂರ್ತಿ ಹೋಗಲು ಅವರಿಗೆ ಸುಮಾರು ಒಂದು ವರ್ಷ ಬೇಕಾಯಿತು.

ನಮ್ಮ ಚಿಕಿತ್ಸಾಲಯದ ರೋಗಿಪತ್ರದಲ್ಲಿ ಹೆಸರು, ವಯಸ್ಸು, ಊರುಗಳ ಕೆಳಗೆ ಈಗ ಒಂದು ಸಾಲು ಹೆಚ್ಚಾಗಿದೆ: ಮನೆಯಲ್ಲಿ ಯಾವ ಯಾವ ದನಕರುಗಳಿವೆ, ಅವು ಹೇಗಿವೆ?