ಬಡ್ಡಿಯ ದರವೂ ಕಾಫಿಯ ಧಾರಣೆಯೂ

ರಿಸರ್ವ್ ಬ್ಯಾಂಕು ಬಡ್ಡಿ ಏರಿಸಿದರೆ ನಮ್ಮ ಕಣದಲ್ಲಿ ಒಣಗುತ್ತಿರುವ ಕಾಫಿಗೇನು ಸಂಬಂಧ ಎಂದು ಸದಸ್ಯರು ಕೇಳುವುದುಂಟು. ಸಂಬಂಧವಿದೆ. ದಾಸ್ತಾನಿನ ಮೇಲೆ ಈಡಿನ ಸಾಲ ಪಡೆಯುವವರಂತೂ ಅದನ್ನು ಅರಿತಿರಲೇಬೇಕು.

ಮೊದಲು ಒಂದು ಲೆಕ್ಕ. ಒಂದೂವರೆ ಲಕ್ಷ ರೂಪಾಯಿಯ ಮಾಲನ್ನು ಗೋದಾಮಿನಲ್ಲಿಟ್ಟು, ಶೇಕಡಾ 12ರ ಬಡ್ಡಿಗೆ ಒಂದು ಲಕ್ಷ ಸಾಲ ಪಡೆದಿರೆಂದು ತಿಳಿಯೋಣ. ಆರು ತಿಂಗಳಿಗೆ ಬಡ್ಡಿ 6,000 ರೂ. ಮಾಲು ಮಾರಿದ್ದರೆ ಉಳಿದ 50,000ವನ್ನು ಶೇಕಡಾ 7ರಂತೆ ಠೇವಣಿ ಇಡಬಹುದಿತ್ತು. ಆ 1,750 ರೂ. ಕೂಡ ಖರ್ಚೇ. ಒಟ್ಟು 7,750. ಧಾರಣೆ ಶೇಕಡಾ 5ಕ್ಕಿಂತ ಹೆಚ್ಚು ಏರಿದರೆ ಮಾತ್ರ ಅಸಲು ಉಳಿದೀತು. ಗೋದಾಮಿನ ಬಾಡಿಗೆ, ವಿಮೆ, ತೂಕದ ಕಡಿತ ಬೇರೆ. ‘ಕಾದರೆ ಬೆಲೆ ಬರುತ್ತದೆ’ ಎನ್ನುವವರು ಈ ಲೆಕ್ಕ ಹಾಕುವುದು ಕಡಿಮೆ.

ಇದೇ ಲೆಕ್ಕವನ್ನು ದೊಡ್ಡ ವ್ಯಾಪಾರಿಯೂ ಹಾಕುತ್ತಾನೆ. ಹತ್ತು ಕೋಟಿ ಸಾಲದಲ್ಲಿ ಮಾಲು ಇಟ್ಟವನಿಗೆ ಬಡ್ಡಿ ಶೇಕಡಾ 3 ಏರಿದರೆ ಆರು ತಿಂಗಳಿಗೆ 15 ಲಕ್ಷ ಹೆಚ್ಚು ಹೊರೆ. ಅವನು ದಾಸ್ತಾನು ಇಳಿಸಿ, ಅಂದಂದಿಗೆ ಬೇಕಾದಷ್ಟೇ ಕೊಳ್ಳತೊಡಗುತ್ತಾನೆ. ಕೊಯ್ಲಿನ ಕಾಲದಲ್ಲಿ ಮಾಲೆಲ್ಲ ಒಮ್ಮೆಗೇ ಬರುವಾಗ ಕೊಳ್ಳುವ ಕೈ ಹಿಂದೆ ಸರಿದರೆ ಧಾರಣೆ ಕುಸಿಯುತ್ತದೆ. ಅಡಿಕೆ ಮಂಡಿಯಲ್ಲೂ ಇದೇ ನ್ಯಾಯ.

ಕಾಫಿಗೆ ಇನ್ನೊಂದು ಎಳೆಯಿದೆ, ಡಾಲರು. ಅಮೆರಿಕದ ಫೆಡರಲ್ ರಿಸರ್ವ್ 2022ರ ಮಾರ್ಚಿನಲ್ಲಿ ಸೊನ್ನೆಯ ಹತ್ತಿರವಿದ್ದ ದರವನ್ನು ಏರಿಸತೊಡಗಿ, 2023ರ ಜುಲೈ ಹೊತ್ತಿಗೆ ಶೇಕಡಾ 5.25–5.50ಕ್ಕೆ ತಂದಿತು. ಹೆಚ್ಚು ಬಡ್ಡಿ ಸಿಗುವಲ್ಲಿಗೆ ಹಣ ಹರಿಯುತ್ತದೆ, ಡಾಲರು ಬಲವಾಯಿತು. 2022ರ ಮಾರ್ಚಿನಲ್ಲಿ 76ರ ಆಸುಪಾಸಿನಲ್ಲಿದ್ದ ಡಾಲರಿನ ಬೆಲೆ ಅಕ್ಟೋಬರಿನಲ್ಲಿ 82 ರೂ. ದಾಟಿತು. ರಫ್ತಿಗೆ ಹೋಗುವ ಕಾಫಿಗೆ ಅಷ್ಟರಮಟ್ಟಿಗೆ ಅನುಕೂಲವೇ. ಆದರೆ ಆಮದಾಗುವ ಗೊಬ್ಬರದ ಲೆಕ್ಕವೂ ಡಾಲರಿನಲ್ಲೇ ಎಂಬುದನ್ನು ಮರೆಯಬಾರದು. ನಮ್ಮ ರಿಸರ್ವ್ ಬ್ಯಾಂಕೂ ಆಗ ರೆಪೋ ದರವನ್ನು 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ಶೇಕಡಾ 4ರಿಂದ 6.5ಕ್ಕೆ ಏರಿಸಿತ್ತು.

ಇನ್ನು ಆಘಾತಗಳ ವಿಷಯ. 1975ರ ಜುಲೈನಲ್ಲಿ ಬ್ರೆಜಿಲಿನ ಪರಾನಾ ಪ್ರಾಂತದ ತೋಟಗಳು ಹೆಪ್ಪುಗಟ್ಟುವ ಚಳಿಗೆ ಸುಟ್ಟು ಕರಕಲಾದವು. ಆ ವರ್ಷದ ಫಸಲು ಬಹುಮಟ್ಟಿಗೆ ಕೈಸೇರಿತ್ತು. ಹೋದದ್ದು ಮುಂದಿನ ಫಸಲು. ಆದ್ದರಿಂದ ಬೆಲೆ ಒಂದೇ ದಿನಕ್ಕೆ ತುದಿ ಮುಟ್ಟದೆ, 1977ರ ಏಪ್ರಿಲಿನಲ್ಲಿ ಪೌಂಡಿಗೆ 3 ಡಾಲರ್ ಮೀರಿತು. 1989ರ ಜುಲೈನಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ನಿಂತಾಗ ಆದದ್ದು ತಿರುಗುಮುರುಗು: ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ಅರ್ಧಕ್ಕೆ ಬಂತು. ಆ ದಿನಗಳಲ್ಲಿ ಕಾಫಿ ಬೋರ್ಡಿನ ಪೂಲ್ ಇದ್ದುದರಿಂದ ಪೆಟ್ಟು ನಮಗೆ ಹಂಚಿಕೊಂಡು ಬಂತು. 1996ರಿಂದ ಪೂರ್ತಿ ಮುಕ್ತ ಮಾರಾಟ. ಏರಿದರೂ ನಮ್ಮದೇ, ಇಳಿದರೂ ನಮ್ಮದೇ.

ಆಘಾತವೂ ಬಡ್ಡಿಯೂ ಕೂಡಿದರೆ ಏನಾಗುತ್ತದೆಂಬುದಕ್ಕೆ 2024ರ ಕೊನೆಯ ತಿಂಗಳುಗಳು ಸಾಕ್ಷಿ. ಬೆಳೆಗಾರನಿಂದ ಕಾಫಿ ಕೊಂಡ ರಫ್ತುದಾರ ಬೆಲೆ ಇಳಿದೀತೆಂಬ ಭಯಕ್ಕೆ ನ್ಯೂಯಾರ್ಕಿನ ವಾಯಿದೆ ಪೇಟೆಯಲ್ಲಿ ಮುಂಗಡವಾಗಿ ಮಾರಿಟ್ಟಿರುತ್ತಾನೆ. ಬೆಲೆ ಏರಿತೆನ್ನಿ. ಗೋದಾಮಿನ ಕಾಫಿಯ ಲಾಭ ಮಾರಿದ ಮೇಲಷ್ಟೇ ಕೈಗೆ ಬರುತ್ತದೆ. ವಾಯಿದೆಯ ನಷ್ಟವನ್ನು ಮಾತ್ರ ಅಂದಂದೇ ನಗದಾಗಿ ಕಟ್ಟಬೇಕು. ಇದಕ್ಕೆ ಮಾರ್ಜಿನ್ ಎನ್ನುತ್ತಾರೆ. ಕಟ್ಟಲು ಸಾಲ ಬೇಕು. ಬಡ್ಡಿ ದುಬಾರಿ, ಬ್ಯಾಂಕಿನವರೂ ಮುಖ ತಿರುಗಿಸುತ್ತಾರೆ. ಕೊನೆಗೆ ಅವನು ವಾಯಿದೆಯನ್ನು ಸಿಕ್ಕ ಬೆಲೆಗೆ ಮರಳಿ ಕೊಳ್ಳುತ್ತಾನೆ. ಆ ಖರೀದಿಯಿಂದಲೇ ಬೆಲೆ ಮತ್ತೂ ಏರುತ್ತದೆ! 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಲು ಬ್ರೆಜಿಲಿನ ಬರವೇ ಮೂಲವಾದರೂ ಈ ಮಾರ್ಜಿನ್ ಗಡಿಬಿಡಿಯೂ ಸೇರಿತ್ತು.

ಇಂಥ ಏರಿಕೆಯಲ್ಲಿ ಇನ್ನೊಂದು ಸೂಚನೆ ಗಮನಿಸಬೇಕು. ಮಾಮೂಲು ದಿನಗಳಲ್ಲಿ ಮುಂದಿನ ತಿಂಗಳುಗಳ ವಾಯಿದೆ ಬೆಲೆ ಈಗಿನದಕ್ಕಿಂತ ತುಸು ಹೆಚ್ಚಿರುತ್ತದೆ. ಬಡ್ಡಿ, ಬಾಡಿಗೆ ಅದರಲ್ಲಿ ಸೇರಿರುತ್ತದೆ. ಮಾಲಿನ ಅಭಾವ ಬಂದಾಗ ಇದು ತಲೆಕೆಳಗಾಗಿ, ಹತ್ತಿರದ ತಿಂಗಳೇ ದುಬಾರಿಯಾಗುತ್ತದೆ. ‘ಮಾಲು ಈಗಲೇ ಬೇಕು, ಕಾಯುವುದಕ್ಕೆ ಕೂಲಿ ಇಲ್ಲ’ ಎಂದು ಪೇಟೆಯೇ ಹೇಳುತ್ತಿದೆಯೆಂದು ತಿಳಿಯಬೇಕು. ಆಗ ಸಾಲದ ಮೇಲೆ ಚೀಲ ಕಟ್ಟಿಡುವುದು ನನ್ನ ದೃಷ್ಟಿಯಲ್ಲಿ ಜೂಜು. ಸಾಲವಿಲ್ಲದವರು ಒಂದು ಪಾಲು ಉಳಿಸಿಕೊಳ್ಳಲಿ, ಅದು ಅವರವರ ಧೈರ್ಯ.

ಈಡಿನ ಸಾಲಕ್ಕೆ ಬರುವ ಸದಸ್ಯರು ಅರ್ಜಿ ತುಂಬುವ ಮೊದಲು ಅಂದಿನ ಧಾರಣೆ, ಸಾಲದ ಅವಧಿ, ಬಡ್ಡಿ ಇವನ್ನು ಗುಮಾಸ್ತರಲ್ಲಿ ಕೇಳಿ, ಎಷ್ಟು ಬೆಲೆಗೆ ಅಸಲು ಹುಟ್ಟುತ್ತದೆಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕಾಗಿ ಕೋರಿದೆ.